ಚೌಕಾಸಪ್ಪನ ಮಗಳು

"ಎಡಕ್ಕೆ ತಳ್ಳು! ಎಡಕ್ಕೆ ಅಂದ್ರೆ ನನ್ನ ಎಡಕ್ಕಲ್ಲಪ್ಪಾ, ನಿನ್ನ ಎಡಕ್ಕೆ!"

ಮೆಟ್ಟಿಲಿನ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಮೇಲೆ ಇಬ್ಬರು, ಕೆಳಗೆ ಇಬ್ಬರು, ನಡುವೆ ಗೋಡೆಗೆ ಅಂಟಿಕೊಂಡು ಬೆವರುತ್ತಿದ್ದ ಅಂಗಡಿಯ ಹಳಬ, ಪಾಲಿಶ್ ಕೆಲಸದವನು. ಕೆಳಗಡೆ ಹಳೇ ಫರ್ನಿಚರ್ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದೆಲ್ಲ ಒಂದೊಂದಾಗಿ ಮೆಟ್ಟಿಲು ಹತ್ತಿ ಮನೆಯಲ್ಲಿ ಠಿಕಾಣಿ ಹೂಡುವುದು ಅಲ್ಲಿನ ರೂಢಿ. ತಿರುವಿನಲ್ಲಿ ನಿಂತಿದ್ದ ತೇಗದ ಬೀರುವನ್ನು ಎಷ್ಟೋ ಜನ ಕೇಳಿ ಹೋಗಿದ್ದರು. ಅಂಗಡಿಯ ಯಜಮಾನ ಮುದುಕ ಬೆಲೆ ಇಳಿಸಿರಲಿಲ್ಲ. ಈಗ ಅದೇ ಬೀರು ಅವನ ದಾರಿಗೆ ಅಡ್ಡ ನಿಂತಿತ್ತು.

ಮಗಳು ಅಡುಗೆಮನೆಯಿಂದ ಓಡಿಬಂದಳು. ನಲವತ್ತರ ಹತ್ತಿರದವಳು, ತೋಳಿನ ಬಟ್ಟೆ ಮೇಲಕ್ಕೆ ಮಡಚಿದ್ದಳು, ಕೈಯಲ್ಲಿ ಇನ್ನೂ ಟೀ ಸೋಸುವ ಜರಡಿ ಇತ್ತು.

"ನಿಲ್ಲಿ, ಯಾರೂ ತಳ್ಬೇಡಿ."

"ಅಳತೆ ಕೊಡೋವಾಗ ತಿರುವು ನೋಡ್ಲಿಲ್ವೇನಮ್ಮ?" ಎಂದ ಪಾಲಿಶ್‌ನವನು. ಬೈಯಬೇಕೆಂದು ಕೇಳಿದ್ದಲ್ಲ, ಪಾಪ. ಆದರೂ ಅವಳಿಗೆ ಚುರುಕ್ಕೆಂದಿತು. ಸಾಮಾನು ತರುವ ಮೊದಲು ಬಾಗಿಲು ಅಳೆ, ಆಮೇಲೆ ಸಾಮಾನು ಅಳೆ ಎಂಬುದು ಅಂಗಡಿಯ ಮೊದಲ ಪಾಠ. ಜನ್ಮವಿಡೀ ಅದನ್ನೇ ಮಾಡಿದವಳು ನಿನ್ನೆ ಅಪ್ಪನನ್ನು ಮಾತ್ರ ಅಳೆದಿದ್ದಳು.

ಅವಳು ಬೀರುವಿನ ಬಾಗಿಲನ್ನು ಎತ್ತಿ ತಿರುಗಣೆಯಿಂದ ಕಳಚಿ ಪಕ್ಕಕ್ಕಿಟ್ಟಳು. "ಕಾಲಿನ ಕಡೆ ಕೆಳಕ್ಕೆ ಬಿಡಿ. ತಲೆ ಕಡೆ ಎತ್ತಿ, ಇನ್ನೂ ಎತ್ತಿ. ನಿಲ್ಲಿಸಿದ ಹಾಗೆ ಮಾಡಿ ತಿರುಗ್ಸಿ. ಒಳಗೆ ಕಂಬಳಿ ಒತ್ತಿ ಇಟ್ಟಿದೀನಿ, ಅಪ್ಪ ಜಾರಲ್ಲ."

ಪೆಟ್ಟಿಗೆ ಎದ್ದು ನಿಂತಿತು, ತಿರುಗಿತು, ಇಳಿಯಿತು. ಬದುಕಿದ್ದಾಗ ಯಾರಿಗೂ ಸುಲಭಕ್ಕೆ ಬಗ್ಗದ ಮನುಷ್ಯ ಮಗಳು ಹೇಳಿದ ಹಾಗೆ ಬಗ್ಗಿ ಬೀದಿಗೆ ಬಂದ.

ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಅತ್ತೆ, ಅಂದರೆ ಸತ್ತವನ ಅಕ್ಕ, ಸುತ್ತ ಇದ್ದವರಿಗೆ ಹೇಳಿದಳು: "ನೋಡಿ, ಬೆಳಗ್ಗಿನಿಂದ ನಿಂತ ಕಾಲಲ್ಲೇ ಇದಾಳೆ. ಹೆತ್ತ ಮಗಳೂ ಇಷ್ಟು ಮಾಡಲ್ಲ ಬಿಡಿ."

"ಹೌದು ಹೌದು," ಎಂದರು ಎಲ್ಲರೂ.

ಹೊಗಳಿಕೆ ಅಂತ ಮಗಳಿಗೂ ಗೊತ್ತು. ಆದರೆ ಹೆತ್ತ ಮಗಳು ಇಷ್ಟು ಮಾಡಬೇಕಾಗಿಲ್ಲ, ಸುಮ್ಮನೆ ಕೂತು ಅಳಬಹುದು. ಇವಳು ಮಾಡುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ನೀನು ನನ್ನ ಮಗಳು ಎಂದು ಹೇಳಿದವರು ಇಬ್ಬರೇ. ಅಮ್ಮ ಹೋಗಿ ವರ್ಷಗಳಾದವು, ಅಪ್ಪ ಈಗ ಬೀದಿಯಲ್ಲಿ ಗಾಡಿ ಹತ್ತುತ್ತಿದ್ದಾನೆ. ಇನ್ನು ಅದನ್ನು ಹೇಳುವವರು ಯಾರು?

"ಟೀ ಯಾರ್ಯಾರಿಗೆ ಬಂದಿಲ್ಲ?" ಎಂದಳು.

*

ಅವನನ್ನು ಪೇಟೆಯೆಲ್ಲ ಚೌಕಾಸಪ್ಪ ಎಂದೇ ಕರೆಯುತ್ತಿತ್ತು. ಹೇಳಿದ ಬೆಲೆಗೆ ಅವನು ಉಪ್ಪನ್ನೂ ಕೊಂಡವನಲ್ಲ. ದೇವರ ಜೊತೆಗೂ ಅದೇ ವ್ಯವಹಾರ. ಮದುವೆಯಾಗಿ ಬಹಳ ಕಾಲ ಮಕ್ಕಳಾಗದಿದ್ದಾಗ, ಮಗು ಕೊಟ್ಟರೆ ಚರ್ಚಿಗೆ ಒಂದು ಒಳ್ಳೆಯ ಬೆಂಚು ಮಾಡಿಸಿ ಕೊಡುತ್ತೇನೆಂದು ಹೇಳಿಕೊಂಡ. ಬೆಂಚನ್ನೂ ಮಾಡಿಸಿದ, ಬೀಟೆ ಮರದ್ದು, ನುಣ್ಣಗೆ ಪಾಲಿಶ್ ಹೊಡೆದದ್ದು. ಆದರೆ ಕೊಡಲಿಲ್ಲ. ಅಂಗಡಿಯಲ್ಲೇ ಇಟ್ಟುಕೊಂಡ.

"ಮೊದಲು ಆ ಕಡೆಯಿಂದ ಸರಕು ಬರ್ಲಿ," ಎಂದ ಹೆಂಡತಿಗೆ. "ಮುಂಗಡ ಕೊಟ್ಟು ಕೈ ಸುಟ್ಕೊಂಡೋರನ್ನ ಬೇಕಾದಷ್ಟು ನೋಡಿದೀನಿ."

"ದೇವ್ರ ಹತ್ರಾನೂನಾ?"

"ವ್ಯಾಪಾರ ಅಂದ್ಮೇಲೆ ವ್ಯಾಪಾರ ಕಣೇ."

ಹೆಂಡತಿಯ ಒತ್ತಾಯಕ್ಕೆ ಕೊನೆಗೆ ಸಿಸ್ಟರುಗಳು ನಡೆಸುತ್ತಿದ್ದ ಅನಾಥ ಮಕ್ಕಳ ಮನೆಗೆ ಹೋದರು. ಅಲ್ಲಿ ಗೋಡೆಗೆ ಒರಗಿ ನಿಂತಿದ್ದ ಆರು ವರ್ಷದ ಹುಡುಗಿಯನ್ನು ಒಮ್ಮೆ ಒಂದು ಮನೆಯವರು ಕರೆದುಕೊಂಡು ಹೋಗಿ, ಸರಿಹೋಗಲಿಲ್ಲವೆಂದು ವಾಪಸ್ ತಂದು ಬಿಟ್ಟಿದ್ದರು. ಇವರು ಅವಳನ್ನು ಮನೆಗೆ ಕರೆತಂದರು. ಬೆಂಚು ಮಾತ್ರ ಅಂಗಡಿಯಲ್ಲೇ ಉಳಿಯಿತು. ತಾನು ಕೇಳಿದ್ದು ಇದಲ್ಲವಲ್ಲ ಎಂದು ಅವನ ಲೆಕ್ಕ.

ಒಂದು ಬೆಳಿಗ್ಗೆ ಅವನು ಅಂಗಡಿಗೆ ಇಳಿದು ಬಂದಾಗ ಬಾಗಿಲ ಚಿಲಕ ಆಗಲೇ ತೆಗೆದಿತ್ತು. ಕುರ್ಚಿಗಳ ಸಾಲಿನ ನಡುವೆ ಮಗು ಮಂಡಿಯೂರಿ ಕೂತು ಒದ್ದೆ ಬಟ್ಟೆಯಿಂದ ಕಾಲುಗಳನ್ನು ಒರೆಸುತ್ತಿತ್ತು. ಫ್ರಾಕು ಪೂರ್ತಿ ಧೂಳು.

"ಏನ್ ಮಾಡ್ತಿದೀಯ ಮರಿ?"

ಅದು ತಲೆಯೆತ್ತಿತು. "ಇವತ್ತು ಎಲ್ಲಾ ಕುರ್ಚಿ ಒರೆಸಿದ್ರೆ ನಾಳೆನೂ ಇರ್ಬಹುದಾ?"



ಅವನು ಸುಮ್ಮನಿದ್ದದ್ದು ನೋಡಿ ಮಗುವಿಗೆ ಗಾಬರಿಯಾಯಿತು. "ಮೇಜೂ ಒರೆಸ್ತೀನಿ," ಎಂದು ಬೆಲೆ ಏರಿಸಿತು.

ಚೌಕಾಸಪ್ಪ ನೆಲದ ಮೇಲೆ ಕುಸಿದು ಕೂತ. ಅದರ ಕೈಯಿಂದ ಬಟ್ಟೆ ಕಿತ್ತುಕೊಂಡು ಮೂಲೆಗೆ ಎಸೆದ. "ಬೇಡ. ಒಂದೂ ಒರೆಸ್ಬೇಡ. ನಮ್ಮಂಗ್ಡೀಲಿ ತಂದದ್ದನ್ನ ವಾಪಸ್ ಕೊಡೋ ಪದ್ಧತಿ ಇಲ್ಲ," ಎಂದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ದೊಡ್ಡವರು ಹಾಗೆ ಅಳುವುದನ್ನು ಮಗು ನೋಡಿರಲಿಲ್ಲ. ತಾನು ಸರಿಯಾಗಿ ಒರೆಸದಿದ್ದದ್ದಕ್ಕೇ ಇರಬೇಕು ಎಂದುಕೊಂಡಿತು.

ಮುಂದಿನ ಭಾನುವಾರ ಅವನೂ ಪಾಲಿಶ್‌ನವನೂ ಬೆಂಚನ್ನು ಹೊತ್ತು ಚರ್ಚಿಗೆ ಹೋದರು. ಒಪ್ಪಂದದ ಕತೆ ಗೊತ್ತಿದ್ದ ಆಗಿನ ಫಾದರ್ ನಕ್ಕು ಕೇಳಿದರು: "ಏನು, ಷರತ್ತು ಪೂರೈಸಿತೋ?"

"ಷರತ್ತಿಲ್ಲ ಫಾದರ್. ಸುಮ್ನೆ ಇಟ್ಕೊಳ್ಳಿ."

*

ಅಪ್ಪನ ಪೆಟ್ಟಿಗೆ ಒಳಗೆ ಹೋದ ಮೇಲೂ ಚರ್ಚಿನ ಬಾಗಿಲಲ್ಲಿ ನಿಂತು ಮಗಳು ಹಾಡಿನ ಪುಸ್ತಕ ಹಂಚುತ್ತಿದ್ದಳು. ಮುಂದಿನ ಸಾಲಿನಲ್ಲಿ ಅತ್ತೆ ತನ್ನ ಪಕ್ಕದ ಜಾಗಕ್ಕೆ ಕರವಸ್ತ್ರ ಹಾಕಿ ಹಿಂತಿರುಗಿ ನೋಡಿ ಕೈಸನ್ನೆ ಮಾಡಿದಳು. ಬಂದೆ ಎಂದು ಇವಳೂ ಸನ್ನೆ ಮಾಡಿದಳು. ಹೋಗಲಿಲ್ಲ. ಫ್ಯಾನು ಹಾಕಿದಳು. ವಯಸ್ಸಾದ ದರ್ಜಿಯೊಬ್ಬರಿಗೆ ಜಾಗ ಮಾಡಿಸಿಕೊಟ್ಟಳು. ಹೊರಗೆ ಹೋಗಿ ಗಾಡಿಯವನಿಗೆ ದಾರಿ ಹೇಳಿ ಬಂದಳು. ದಾರಿ ಅವನಿಗೆ ಗೊತ್ತೇ ಇತ್ತು.

ಶವಪೆಟ್ಟಿಗೆ ಮಾಡಿಕೊಟ್ಟ ಬಡಗಿ ಬಾಗಿಲ ಬಳಿ ಅವಳನ್ನು ತಡೆದ. "ಒಳಗೆ ಹೋಗಿ ಕೂತ್ಕೊಳ್ಳಮ್ಮ. ನಾನು ನೋಡ್ಕೋತೀನಿ ಇಲ್ಲಿ."

"ಪರವಾಗಿಲ್ಲ ಅಣ್ಣ."

"ಏನ್ ಪರವಾಗಿಲ್ಲ? ಜೀವಮಾನದಲ್ಲಿ ಮೊದಲನೇ ಸಲ ನಿಮ್ಮಪ್ಪನಿಗೆ ಹೇಳಿದ ಬೆಲೆಗೆ ಮಾಲು ಮಾರಿದೀನಿ. ನೀನಾದ್ರೂ ಜಗಳ ಆಡ್ತೀಯ ಅಂತ ಜಾಸ್ತಿನೇ ಹೇಳಿದ್ದೆ. ನೀನು ಹೂಂ ಅಂದ್ಬಿಟ್ಟೆ. ಸ್ವಲ್ಪನೂ ಖುಷಿ ಆಗ್ಲಿಲ್ಲ ನೋಡು." ಅವನ ಕಣ್ಣು ಕೆಂಪಾಗಿತ್ತು.

ಫಾದರ್ ಪ್ರಾರ್ಥನೆ ಶುರುಮಾಡಿದರು. ಎಲ್ಲರೂ ತಲೆ ಬಗ್ಗಿಸಿದಾಗ ಅವಳೂ ಬಗ್ಗಿಸಿದಳು. ದೇವರೇ, ಇವತ್ತಿನದೊಂದು ಸುಸೂತ್ರವಾಗಿ ಮುಗಿಸಿಕೊಡು, ಯಾರೂ ಏನೂ ಅನ್ನದ ಹಾಗೆ ನೋಡಿಕೋ, ಇನ್ನು ಮೇಲೆ ಒಂದು ಭಾನುವಾರವೂ ತಪ್ಪಿಸದೆ...

ಅಲ್ಲಿಗೆ ನಿಂತಳು. ಮುಖ ಬಿಸಿಯಾಯಿತು.

*

ಕೊನೆಯ ವಾರಗಳಲ್ಲಿ ಅಪ್ಪ ಕಿಟಕಿ ಪಕ್ಕದ ಮಂಚ ಬಿಟ್ಟು ಏಳುತ್ತಿರಲಿಲ್ಲ. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡುತ್ತಿದ್ದಳು. ಗಂಜಿ ಆಯಿತು, ಮಾತ್ರೆ ಆಯಿತು, ಹಾಸಿಗೆ ಬದಲಿಸಿದ್ದಾಯಿತು. ಅಷ್ಟರಲ್ಲಿ ಕೆಳಗೆ ಯಾರೋ ಮೇಜು ಕೇಳಿಕೊಂಡು ಬಂದಿರುತ್ತಿದ್ದರು.

"ಕೂತ್ಕೋ ಸ್ವಲ್ಪ," ಎಂದ ಒಂದು ಮಧ್ಯಾಹ್ನ.

"ನೀವು ಈ ಗಂಜಿ ಪೂರ್ತಿ ಕುಡಿದ್ರೆ ಕೂತ್ಕೋತೀನಿ."

ಅವನು ನಗಲು ಹೋಗಿ ಕೆಮ್ಮಿದ. "ಬಂತು ನೋಡು. ನನ್ನ ಹಳೇ ಕಾಯ್ಲೆ ನಿಂಗೆ ಅಂಟ್ಕೊಂಡಿದೆ. ಕುರ್ಚಿ ಒರೆಸ್ತಿದ್ಯಲ್ಲ ಒಂದಿನ, ನೆನಪಿದ್ಯಾ?"

"ಹೂಂ. ನೀವು ಅತ್ರಿ."

"ನಾನ್ಯಾಕೆ ಅತ್ತೆ ಗೊತ್ತಾ? ಅದು ನನ್ನ ಪ್ರಾರ್ಥನೆ ಕಣೇ. ಅದು ಕೊಟ್ರೆ ಇದು ಕೊಡ್ತೀನಿ, ಇದು ಮಾಡಿದ್ರೆ ಅದು ಮಾಡ್ತೀಯಾ? ವರ್ಷಗಟ್ಟಲೆ ನಾನು ಹೇಳಿದ್ದೇ ನಿನ್ನ ಬಾಯಲ್ಲಿ ಕೇಳಿಸ್ತು. ಕೇಳಿಸ್ಕೊಳ್ಳೋ ಅಪ್ಪನಿಗೆ ಅದು ಎಷ್ಟು ಸಂಕಟ ಅಂತ ಅವತ್ತೇ ಗೊತ್ತಾಗಿದ್ದು. ಅಷ್ಟು ವರ್ಷ ಚರ್ಚಿಗೆ ಹೋಗ್ತಿದ್ದೆ, ಪ್ರೀತಿ ಪ್ರೀತಿ ಅಂತ ಫಾದರ್ ಹೇಳಿದ್ದೆಲ್ಲ ಈ ಕಿವೀಲಿ ಬಂದು ಆ ಕಿವೀಲಿ ಹೋಗ್ತಿತ್ತು. ಅಂಗಡಿ ನೆಲದ ಮೇಲೆ ಕೂತಾಗ ಅರ್ಥ ಆಯ್ತು."

ಆಮೇಲಿನ ಅಪ್ಪನನ್ನು ಅವಳು ಬಲ್ಲಳು. ಪ್ರತಿ ಸಂಜೆ ಅಂಗಡಿ ಮುಚ್ಚಿ ಚರ್ಚಿಗೆ ಹೋಗಿ ಬರುತ್ತಿದ್ದ. ಏನು ಕೇಳ್ಕೊಂಡ್ರಿ ಎಂದು ಅಮ್ಮ ಛೇಡಿಸಿದರೆ, ಏನೂ ಕೇಳ್ಲಿಲ್ಲ, ಸುಮ್ನೆ ಕೂತಿದ್ದೆ, ಮಕ್ಕಳು ಅಪ್ಪನ ಹತ್ರ ಸುಮ್ನೆ ಕೂತ್ಕೊಳ್ಳಲ್ವಾ ಎನ್ನುತ್ತಿದ್ದ. ಗಿರಾಕಿಗಳ ಜೊತೆ ಮಾತ್ರ ಒಂದು ಕಾಸೂ ಬಿಡುತ್ತಿರಲಿಲ್ಲ. ಅದು ಬೇರೆ ವಿಷಯ.

"ನಾನು ಕಲಿತೆ. ನಿಂಗೇ ಕಲಿಸೋಕೆ ಆಗ್ಲಿಲ್ಲ ಮರಿ," ಎಂದ ಅಪ್ಪ.

ಅವಳು ಗಂಜಿಯ ಬಟ್ಟಲು ಎತ್ತಿಕೊಂಡು ತೊಳೆಯಲು ಹೋದಳು.

*

ಸ್ಮಶಾನದಲ್ಲಿ ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಒಂದೊಂದು ಹಿಡಿ ಮಣ್ಣು ಹಾಕಿದರು. ಹಿಂದಿನ ದಿನದ ಮಳೆಗೆ ಮಣ್ಣು ಹಸಿಯಾಗಿ ಕೈಗೆ ಅಂಟುತ್ತಿತ್ತು. ಎಲ್ಲರದೂ ಆಗುತ್ತಿದ್ದಂತೆ ಅವಳು ಗುದ್ದಲಿಗೇ ಕೈಹಾಕಿದಳು. ಗುದ್ದಲಿಗೆ ಸಿಗದ ಹೆಂಟೆಗಳನ್ನು ಬಗ್ಗಿ ಬರಿಗೈಯಲ್ಲೇ ಬಾಚಿ ಹಾಕಿದಳು.

"ಅಕ್ಕ, ಇದು ನನ್ನ ಕೆಲ್ಸ," ಎಂದ ಗುಂಡಿ ತೋಡುವವನು.

"ಇಬ್ರೂ ಮಾಡಿದ್ರೆ ಬೇಗ ಆಗುತ್ತೆ."

"ಬೇಗ ಆಗಿ ಏನಾಗ್ಬೇಕು?"

ಅವನು ಅವಳ ಹಿಡಿಯಿಂದ ಗುದ್ದಲಿ ಬಿಡಿಸಿಕೊಂಡ. ಅಷ್ಟರಲ್ಲಿ ಫಾದರ್ ಕರೆದರು: "ಮನೆಯವರು ಬಂದು ಈ ಕಡೆ ನಿಲ್ಲಿ. ಜನ ಕೈಹಿಡಿದು ಹೋಗ್ತಾರೆ."

ಅತ್ತೆ ಕೋಲೂರಿಕೊಂಡು ಬಂದು ನಿಂತಳು. ಅವಳ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ಜನ ಸಾಲುಗಟ್ಟಿ ಕಾದರು. ಯಾರೋ ಮುಂದಕ್ಕೆ ಸರಿಯಿರಿ ಎಂದರೆ ಅತ್ತೆ ಜಗ್ಗಲಿಲ್ಲ.

"ಬಾರೇ ಇಲ್ಲಿ."

"ಅಂಗಡಿಯಿಂದ ತಂದ ಕುರ್ಚಿಗಳನ್ನ ಗಾಡಿಗೆ ಹಾಕಿಸ್ಬೇಕು ಅತ್ತೆ. ನೀವು ನಿಂತಿರಿ, ಸಾಕು."

"ಕುರ್ಚಿ ಎಲ್ಲೂ ಓಡಿಹೋಗಲ್ಲ. ಬೆಳಗ್ಗಿನಿಂದ ನೋಡ್ತಿದೀನಿ, ಕೂತಿಲ್ಲ, ತಿಂದಿಲ್ಲ. ಹೆತ್ತ ಮಗಳೂ ಇಷ್ಟು..."

"ಹಾಗನ್ಬೇಡಿ ಅತ್ತೆ!"

ಎಲ್ಲರೂ ತಿರುಗಿ ನೋಡಿದರು. ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ. "ಇಷ್ಟು ಮಾಡ್ದೇ ಇದ್ದಿದ್ರೆ? ಬೆಳಗ್ಗಿನಿಂದ ಮೂಲೇಲಿ ಬಿದ್ಕೊಂಡಿದ್ದಿದ್ರೆ ಏನ್ ಮಾಡ್ತಿದ್ರಿ?"

ಅತ್ತೆ ಅವಳ ಮುಖವನ್ನೇ ನೋಡಿದಳು. ಪ್ರಶ್ನೆ ಅರ್ಥವಾದ ಮೇಲೆ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಮಾಡ್ದೇ ಇದ್ದಿದ್ರೆ ಬಾಯಿಗೆ ಬಂದ ಹಾಗೆ ಬೈತಿದ್ದೆ," ಎಂದಳು. "ಬೈದು, ಜುಟ್ಟು ಹಿಡಿದು ಎಳ್ಕೊಂಡು ಬಂದು ಇಲ್ಲೇ ನಿಲ್ಲಿಸ್ತಿದ್ದೆ. ಇದು ನಿನ್ನ ಜಾಗ ಅಲ್ವೇನೇ? ನಾನು ಹೇಗೆ ನಿಂತ್ಕೊಳ್ಳಲಿ?"

ಮಗಳು ನಡೆದು ಬಂದು ಖಾಲಿ ಜಾಗದಲ್ಲಿ ನಿಂತಳು. ಕಾಲು ಇನ್ನೂ ಎಲ್ಲಿಗಾದರೂ ಹೋಗಬೇಕು ಎನ್ನುತ್ತಿತ್ತು. ಕೈ ನೋಡಿಕೊಂಡಳು. ಎರಡೂ ಕೈ ಮಣಿಕಟ್ಟಿನವರೆಗೆ ಕೆಸರು.

"ಒಂದ್ನಿಮಿಷ, ಕೈ ತೊಳ್ಕೊಂಡು ಬಂದ್ಬಿಡ್ತೀನಿ."

"ಬೇಡ," ಎಂದಳು ಅತ್ತೆ.

ಮೊದಲು ಬಂದವರು ಬಿಳಿ ಅಂಗಿಯ ದರ್ಜಿ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಎರಡೂ ಕೈಯಿಂದ ಹಿಡಿದುಕೊಂಡರು. ಆಮೇಲೆ ಬಡಗಿ ಬಂದ, ಆಮೇಲೆ ಪಾಲಿಶ್‌ನವನು. ಅವನು ಕೈ ಬಿಡಲೇ ಇಲ್ಲ, ಹಿಂದಿನವರು ಬಿಡಿಸಬೇಕಾಯಿತು. ಅವಳಿಗೆ ಆಗ ಅಳು ಬಂತು. ಕಣ್ಣೊರೆಸಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ. ಅವಳು ಹಾಗೇ ನಿಂತು, ಮುಖ ತುಂಬ ನೀರು ಹರಿಸಿಕೊಂಡು, ಬಂದವರಿಗೆಲ್ಲ ಕೈ ಕೊಟ್ಟಳು.

ಸಾಲು ಉದ್ದವಿತ್ತು. ಗೇಟಿನಾಚೆ ಕೆಲವರು ಅಂಗೈ ನೋಡಿಕೊಂಡು ಪ್ಯಾಂಟಿಗೆ ಒರೆಸಿಕೊಂಡರು, ಕೆಲವರು ಹಾಗೇ ಜೇಬಿಗೆ ಸೇರಿಸಿದರು. ಒಬ್ಬೊಬ್ಬರು ಹಿಡಿದು ಬಿಟ್ಟ ಹಾಗೆಲ್ಲ ಅವಳ ಕೈಯ ಮಣ್ಣು ಅಷ್ಟಷ್ಟೇ ಅವರೊಡನೆ ಹೋಗುತ್ತಿತ್ತು. ಕೊನೆಯವರು ಬರುವ ಹೊತ್ತಿಗೆ ಅವಳ ಕೈ ಬಹುಮಟ್ಟಿಗೆ ಶುಭ್ರವಾಗಿತ್ತು.