ಫಸ್ಟ್ ಪರೇಡ್

ಸೀಮೆಎಣ್ಣೆಯ ವಾಸನೆ ಒಮ್ಮೆ ಬೆರಳಿಗೆ ಹತ್ತಿತೆಂದರೆ ಸೋಪಿಗೂ ಬಗ್ಗುವುದಿಲ್ಲ, ಬಗ್ಗದಿದ್ದರೆ ಬಿಡಲಿ, ಈ ಕೈಯಿಂದ ಉಣ್ಣುವವನು ಗಂಡ ತಾನೇ, ಅವನಿಗೆ ಈ ವಾಸನೆ ಮಲ್ಲಿಗೆಗಿಂತ ಹೆಚ್ಚು — ಸುಂಕಮ್ಮ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದಾಳೆ, ಮಿಲಿಟರಿ ಜೀಪಿನ ವಾಟರ್ ಪಂಪು, ಆಗತಾನೆ ಹುಟ್ಟಿದ ಕೂಸಿನಷ್ಟು ಭಾರ, ಬೇವಿನ ಕೆಳಗೆ ಬಾನೆಟ್ ತೆರೆದು ನಿಂತಿದೆ ಜೀಪು, ಅದರ ಪಕ್ಕ ಮಂಚದ ಮೇಲೆ ಉಚ್ಚಂಗೆಪ್ಪ, ಕಟ್ಟೆಯ ಮೇಲೆ ಮೈದುನ ದುರುಗಣ್ಣ, ಅವನ ಅಂಗಿಯ ಜೇಬಿನಲ್ಲಿ ಉಬ್ಬಿ ಕಾಣುವ ಮಸಿಯ ಡಬ್ಬಿ. ಗುಜರಿಯವನು ನೆರಳು ತಿರುಗುವ ಹೊತ್ತಿಗೆ ಬರುತ್ತಾನಂತೆ. ಅಷ್ಟರೊಳಗೆ ಜೀಪು ಮಾತಾಡಿದರೆ ಸರಿ, ಇಲ್ಲವಾದರೆ ಮಾರಾಟದ ಕಾಗದಕ್ಕೆ ಅಣ್ಣನ ಎಡಗೈ ಹೆಬ್ಬೆಟ್ಟು ಒತ್ತಿಸಿ ಕೊಟ್ಟುಬಿಡುವುದು ಅಂತ ದುರುಗಣ್ಣನ ಮಾತು, ಅವನೇನು ಕೆಟ್ಟವನಲ್ಲ, ವರ್ಷದಿಂದ ಅಣ್ಣನನ್ನು ಎತ್ತಿ ಇಳಿಸಿದವನು ಅವನೇ, ಆದರೆ ಅಂದುಬಿಟ್ಟ, ಅಣ್ಣಗ ಈಗೇನೂ ತಿಳಿಯಂಗಿಲ್ಲ ಅತ್ತಿಗಿ, ಅವನ್ನ ಕೇಳಿ ಏನ್ ಮಾಡ್ತೀ. ಗಂಡನ ಎದುರಿಗೇ ಅಂದ. ಉಚ್ಚಂಗೆಪ್ಪ ಬೇವಿನ ಎಲೆ ನೋಡುತ್ತಾ ಮಲಗಿದ್ದ, ಕೇಳಿಸಿತೋ ಇಲ್ಲವೋ, ಕೇಳಿಸದೆ ಏನು, ಕಿವಿ ಎರಡೂ ನೆಟ್ಟಗಿವೆ. ಜೀಪು ಹೋದರೆ ಹೋಗಲಿ, ಕಬ್ಬಿಣ ಯಾರಪ್ಪನ ಗಂಟು, ಆದರೆ ಈ ಮಾತಿನ ಮೇಲೆ ಹೋಗಬಾರದು, ತಿಳಿಯುವುದಿಲ್ಲ ಎಂಬ ಮಾತಿನ ಮೇಲೆ ಅದು ಈ ಅಂಗಳ ದಾಟಬಾರದು.

ಕಾರ್ಗಿಲ್ ಸುದ್ದಿ ಕೇಳುತ್ತಾ ರೇಡಿಯೋ ಮುಂದೆ ಕೂತಿದ್ದವನು ಹಾಗೇ ವಾಲಿದ, ಬಲಗೈ ಹೋಯಿತು, ಕಾಲು ಹೋಯಿತು, ಮಾತು ಹೋಯಿತು, ಅದೇ ತಿಂಗಳು ಜೀಪಿನ ಪಂಪೂ ಕಿರುಗುಟ್ಟಿ ಕೂತಿತು, ಜೋಡೆತ್ತು ಒಂದೇ ಸಲ ಮಲಗಿದ ಹಾಗೆ. ಮಿಲಿಟರಿ ಬಿಟ್ಟು ಬಂದವನು ಹರಾಜಿನಲ್ಲಿ ಹಿಡಿದು ತಂದ ಜೀಪು, ಗುಡೇಕೋಟೆಯ ಎಷ್ಟು ಬಸುರಿಯರು ಇದರಲ್ಲಿ ಕೂಡ್ಲಿಗಿ ಆಸ್ಪತ್ರೆ ಸೇರಿದರು, ನಾಗಲಿಂಗಮ್ಮನ ಮೊಮ್ಮಗ ಅಂತೂ ಹಿಂದಿನ ಸೀಟಿನಲ್ಲೇ ಹುಟ್ಟಿದ, ಸೀಟು ತೊಳೆದವಳು ತಾನೇ. ಆದರೆ ಬಸುರಿ ನರಳುತ್ತಿದ್ದರೂ ಉಚ್ಚಂಗೆಪ್ಪ ಫಸ್ಟ್ ಪರೇಡ್ ಬಿಟ್ಟವನಲ್ಲ. ಮಿಲಿಟರಿಯ ಪಾಠವಂತೆ, ಬೆಳಿಗ್ಗೆ ಗಾಡಿ ಹೊಡೆಯುವ ಮೊದಲು ಸುತ್ತು ಹಾಕಿ ನೋಡಬೇಕು, ಆಯಿಲ್ಲು, ಬೆಲ್ಟು, ಟೈರು, ಇವಳು ಕಂದೀಲು ಹಿಡಿದು ಆಕಳಿಸುತ್ತಾ ಹಿಂದೆ ಹಿಂದೆ, ಪಾನಾ ಕೊಡು, ಬಟ್ಟೆ ಕೊಡು, ಕೊಟ್ಟು ಕೊಟ್ಟೇ ತನಗೂ ಅರ್ಧ ರಿಪೇರಿ ಬಂತು. ನಿನ್ನೆ ನಾಲ್ಕು ಬೋಲ್ಟು ಬಿಚ್ಚಿ ಪಂಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವಳು ತಾನು, ಕೂಡ್ಲಿಗಿಯ ಲೇತಿನ ಗುರುಶಾಂತ ಹೊಸ ಬೇರಿಂಗು, ಹೊಸ ಸೀಲು ಕೂರಿಸಿಕೊಟ್ಟ, ಒಳ್ಳೆಯ ಮನುಷ್ಯ, ಕೆಳಗ ಒಂದು ಸಣ್ಣ ತೂತಿತ್ತಕ್ಕ, ಎಂ-ಸೀಲ್ ಅಂಟು ಮೆತ್ತಿ ಅದನ್ನೂ ಮುಚ್ಚೀನಿ, ಅದಕ್ಕೇನೂ ಕೊಡಬ್ಯಾಡ ಅಂದ. ಪುಕ್ಕಟೆ ಅಂದಮೇಲೆ ಬೇಡ ಅನ್ನುತ್ತಾರೆಯೇ, ಖುಷಿಯಿಂದ ತಲೆಯಾಡಿಸಿ ಬಂದಳು.

ಪಂಪು ಕೂರುವಲ್ಲಿ ನೀರು ಸೋರದ ಹಾಗೆ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಪ್ಯಾಕಿಂಗ್ ಮಾಡಿದ್ದಾಯಿತು, ಗ್ರೀಸು ಸವರಿದ್ದಾಯಿತು, ಇನ್ನು ಕೂರಿಸುವುದೇ, ಅದಕ್ಕೂ ಮೊದಲು ಅವನಿಗೊಮ್ಮೆ ತೋರಿಸಬೇಕು, ದಿನಾ ಹುಳಿ ಸಾರಿನ ಬಟ್ಟಲನ್ನೂ ತೋರಿಸಿಯೇ ಉಣಿಸುತ್ತಾಳೆ, ನೋಡ್ರಿ, ಹೊಸಾದ್ರಂಗ ಆಗೈತಿ ಅಂದು ಎದೆಯ ಮೇಲಿಟ್ಟಳು. ಎಡಗೈ ಎದ್ದಿತು. ಹೆಬ್ಬೆರಳು ಪಂಪಿನ ಕೆಳಗೆ ಹೋಯಿತು, ಅಲ್ಲೇ ಉಜ್ಜಿತು, ನಿಂತಿತು, ಮತ್ತೆ ಉಜ್ಜಿತು. ಸಾಕು ಕೊಡ್ರಿ ಎಂದರೆ ಕೊಡಲೊಲ್ಲ, ಎಳೆದರೆ ಊಂ ಊಂ ಅಂತ ಗಂಟಲಲ್ಲಿ ಗುರುಗುಟ್ಟುತ್ತಾನೆ, ಬಾಯಿಯ ಮೂಲೆಯಿಂದ ಜೊಲ್ಲು, ಆಟದ ಸಾಮಾನು ಸಿಕ್ಕಂಗಾತು ನೋಡು ಎಂದು ದುರುಗಣ್ಣ ನಗುತ್ತಾನೆ, ಅವಳಿಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ, ಗಂಡನ ಮೇಲೆಯೇ, ನೆರಳು ಆಗಲೇ ಮಂಚದ ಕಾಲು ದಾಟಿದೆ, ನೀವೂ ಹಿಂಗ ಮಾಡಿದ್ರ ನಾ ಯಾರ ಹತ್ರ ಹೋಗಲಿ. ಎರಡೂ ಕೈಯಿಂದ ಜಗ್ಗುವವಳಿದ್ದಳು — ಆ ಹೆಬ್ಬೆರಳು. ಕಂದೀಲಿನ ಬೆಳಕಿನಲ್ಲಿ ಅದೇ ಹೆಬ್ಬೆರಳು, ಗಾಡಿ ಹೊಡೆಯುವ ಮುನ್ನ ಕಟ್ಟಕಡೆಗೆ ಪಂಪಿನ ಕೆಳಗೆ ಹೋಗಿ ಬಂದು ಅವಳ ಮೂಗಿನ ಮುಂದೆ ನಿಲ್ಲುತ್ತಿತ್ತು, ಒಣಗೈತೇನು, ಒಣಗೈತಿ, ಹಂಗಾದ್ರ ಹ್ಯಾಂಡಲ್ ಹೊಡಿ. ಅಲ್ಲೊಂದು ತೂತೈತಿ ಸುಂಕಿ, ಅದು ಅದರ ಬಾಯಿ, ಒಳಗ ಸೀಲು ಹೋದ್ರ ಅಲ್ಲಿಂದ ಹನಿ ಬಿಟ್ಟು ಹೇಳತೈತಿ, ಆ ಬಾಯಿ ಮುಚ್ಚಿದ್ರ ನೀರು ಬೇರಿಂಗಿಗೆ ಹೊಕ್ಕು ಕೊಲ್ಲತೈತಿ, ಅನ್ನುತ್ತಿದ್ದ ಆಗ. ಅಯ್ಯೋ ನನ್ನ ಬುದ್ಧಿಗಿಷ್ಟು, ಪುಕ್ಕಟೆ ಅಂತ ಬಾಯಿ ಮುಚ್ಚಿಸಿಕೊಂಡು ಬಂದಿದ್ದಾಳೆ. ಇವನಿಗೆ ತಿಳಿಯುವುದಿಲ್ಲವಂತೆ.

ತಾಳಿಯ ಪಿನ್ನು ತೆಗೆದು ಚುಚ್ಚಿದಳು, ಬಾಗಿತು, ಮೊಳೆ ತಂದಳು, ಸುತ್ತಿಗೆಯಿಂದ ಮೆಲ್ಲಗೆ, ಇನ್ನೂ ಮೆಲ್ಲಗೆ, ಮಗುವಿನ ಕಿವಿ ಚುಚ್ಚುವಷ್ಟು ಮೆಲ್ಲಗೆ, ಎಂ-ಸೀಲ್ ಪುಡಿಪುಡಿಯಾಗಿ ಉದುರಿತು, ತೂತು ತೆರೆಯಿತು. ಮತ್ತೆ ಅವನ ಕೈಗಿಟ್ಟಳು. ಹೆಬ್ಬೆರಳು ಹೋಯಿತು, ಮುಟ್ಟಿತು, ಕೈ ತಾನಾಗಿ ಪಂಪನ್ನು ಬಿಟ್ಟಿತು. ದುರುಗಣ್ಣ ನಗು ನಿಲ್ಲಿಸಿದ್ದಾನೆ, ನೋಡಿದನೋ, ನೋಡಲಿ, ಬಾಯಿಂದ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಾನು, ಗಾಡಿಯೇ ಹೇಳಲಿ. ನಾಲ್ಕು ಬೋಲ್ಟು, ಮೂಲೆಗೆ ಮೂಲೆ ಬಿಗಿಯಬೇಕು, ಒಂದೇ ಕಡೆ ಬಿಗಿದರೆ ರಟ್ಟು ಹರಿಯುತ್ತದೆ, ಫ್ಯಾನು, ಬೆಲ್ಟು, ಬೆಲ್ಟು ಒತ್ತಿದರೆ ಒಂದಿಷ್ಟು ಬಾಗಬೇಕು, ಬಾಗಿತು, ಕೆಳಗಿನ ನಲ್ಲಿ ಮುಚ್ಚಿ ರೇಡಿಯೇಟರಿಗೆ ಕೊಡದ ನೀರು ಗಳಗಳ ಸುರಿಯುತ್ತಿರುವಾಗಲೇ ಗುಜರಿಯವನ ಟೆಂಪೊ ಬಂದು ನಿಂತಿತು. ದುರುಗಣ್ಣ ಡಬ್ಬಿ ತೆಗೆದ, ಮುಚ್ಚಳ ಬಿಚ್ಚಿದ, ಅತ್ತಿಗಿ, ಅಣ್ಣನ ಕೈ ಹಿಡಿ ಅಂದ, ದನಿಯಲ್ಲಿ ಮೊದಲಿನ ಜೋರಿಲ್ಲ. ಕೈ ಆಮ್ಯಾಲೆ ಹಿಡೀತೀನಿ, ಮೊದ್ಲು ನಿಮ್ಮಣ್ಣನ್ನ ಎತ್ತು, ಫಸ್ಟ್ ಪರೇಡ್ ಆಗಬೇಕು ಅಂದಳು. ಎತ್ತಿದ, ಪಾಪ, ಡಬ್ಬಿಯನ್ನು ಜೀಪಿನ ಮಡ್‌ಗಾರ್ಡಿನ ಮೇಲಿಟ್ಟು ಅಣ್ಣನನ್ನು ಕಂಕುಳಿಗೆ ಕೈಹಾಕಿ ಎತ್ತಿ ಜೀಪಿಗೆ ಒರಗಿಸಿ ಹಿಡಿದ. ಎಡಗೈ ಒಳಗೆ ಹೋಯಿತು, ಬೆಲ್ಟು ದಾಟಿ, ಪಂಪಿನ ಕೆಳಗೆ, ನಿಧಾನ, ಅಲ್ಲೇ ನಿಂತಿತು, ಹೊರಗೆ ಬಂತು. ಸೆಲ್ಫ್ ಈ ಗಾಡಿಗೆ ಹರಾಜಿನಲ್ಲಿ ತಂದಾಗಿನಿಂದಲೂ ಇಲ್ಲ, ಹ್ಯಾಂಡಲ್ ಹಾಕಿ ಹೊಡೆಯಬೇಕು, ಹೆಬ್ಬೆರಳನ್ನು ಹಿಡಿಗೆ ಸುತ್ತಬ್ಯಾಡ ಸುಂಕಿ, ತಿರುಗಿ ಹೊಡೆದ್ರ ಮುರೀತೈತಿ, ಅನ್ನುತ್ತಿದ್ದ ಆಗೆಲ್ಲ, ಸುತ್ತಿಲ್ಲ ಮಾರಾಯ, ಸುತ್ತಿಲ್ಲ, ಒಂದು ಹೊಡೆತ, ಕೆಮ್ಮಿತು, ಇನ್ನೊಂದು, ಭುಜ ಕಿತ್ತುಬಂತು, ಬರಲಿ, ಇನ್ನೊಂದು — ಹತ್ತಿಕೊಂಡಿತು, ವರ್ಷದ ಧೂಳೆಲ್ಲ ಅದುರಿ ಉದುರಿತು, ಗುಜರಿಯವನು ಏನೋ ಅನ್ನುತ್ತಿದ್ದಾನೆ ಕೇಳಿಸುವುದಿಲ್ಲ, ಮಸಿಯ ಡಬ್ಬಿ ನಡುಗುತ್ತಾ ಜಾರಿ ನೆಲಕ್ಕೆ ಬಿತ್ತು, ದುರುಗಣ್ಣನ ತುಟಿ ಅಲುಗುತ್ತಿದೆ ಕೇಳಿಸುವುದಿಲ್ಲ, ತನ್ನ ತಲೆಯೊಳಗಿನ ಮಾತೂ ಕೇಳಿಸುವುದಿಲ್ಲ, ಕಾಣುತ್ತಿರುವುದು ಒಂದೇ, ತಮ್ಮನ ಮೂಗಿನ ಮುಂದೆ ಉಚ್ಚಂಗೆಪ್ಪ ಎತ್ತಿ ಹಿಡಿದ ಹೆಬ್ಬೆರಳು, ಗ್ರೀಸಿನ ಕಪ್ಪು ಹತ್ತಿದ ಹೆಬ್ಬೆರಳು, ಒಂದು ಹನಿ ಇಲ್ಲ, ಒಣಗಿದೆ, ಹೆಬ್ಬೆರಳು.