ಅಂಬುಜಮ್ಮನ ಪಾಲು

ತನ್ನ ಸಂಬಳ ತನಗೇ ಸಿಗುವುದಿಲ್ಲ ಎಂದು ಬ್ಯಾಂಕಿನ ಹುಡುಗಿ ಹೇಳಿದಾಗ ಮಾನ್ಯಳಿಗೆ ಮೊದಲು ಅರ್ಥವೇ ಆಗಲಿಲ್ಲ. ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿತ್ತು. ಗಂಡ ರಘುನಂದನ ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಲುಪುತ್ತಲೇ ಅದನ್ನು ತಡೆಹಿಡಿದಿದ್ದರು. ಆಸ್ಪತ್ರೆಯ ಲ್ಯಾಬಿನಲ್ಲಿ ಅವಳು ದುಡಿದ ಸಂಬಳವೂ ಅದೇ ಖಾತೆಗೆ ಬಂದು ಬೀಳುತ್ತಿತ್ತು. ಒಳಗೆ ಬರುವುದಕ್ಕೆ ಅಡ್ಡಿಯಿರಲಿಲ್ಲ, ಹೊರಗೆ ತೆಗೆಯುವುದಕ್ಕೆ ಮಾತ್ರ ಕೋರ್ಟಿನ ಆದೇಶ ಬೇಕು. ಹಾಗೆಂದು ಮರ್ಯಾದೆಯಿಂದಲೇ ಹೇಳಿ ಆ ಹುಡುಗಿ ಮುಂದಿನವರನ್ನು ಕರೆದಳು.

ಅದು ೨೦೦೮ರ ಕೊನೆ. ರಘುನಂದನ ಅಬುಧಾಬಿಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ. ಕಾಯಿಲೆ ಕಸಾಲೆ ಕಂಡವನಲ್ಲ. ಒಂದು ದಿನ ಆಫೀಸಿನ ಮೀಟಿಂಗಿನಲ್ಲಿ ಎದೆ ಹಿಡಿದುಕೊಂಡು ಕುಳಿತಲ್ಲೇ ಒರಗಿದ. ದೇಹವನ್ನು ಮೈಸೂರಿಗೆ ಒಯ್ದು ಕರ್ಮಗಳನ್ನೆಲ್ಲ ಮುಗಿಸಿ ಮಾನ್ಯ ಅಬುಧಾಬಿಯ ಖಲೀಫಾ ಸಿಟಿಯ ಮನೆಗೆ ಮರಳಿದಾಗ ಅವಳ ಜೊತೆ ಒಂಬತ್ತು ವರ್ಷದ ಮಗಳು ಹಿತಾ ಇದ್ದಳು, ವಿಸಿಟ್ ವೀಸಾದ ಮೇಲೆ ಬಂದ ಅತ್ತೆ ಅಂಬುಜಮ್ಮ ಇದ್ದರು. ಮಾವ ಚಾಮರಾಜರಿಗೆ ಮಂಡಿ ನೋವು. ಮೆಟ್ಟಿಲು ಹತ್ತುವುದೇ ಕಷ್ಟವಾದ್ದರಿಂದ ಅವರು ಮೈಸೂರಿನಲ್ಲೇ, ಮಗಳ ಮನೆಯಲ್ಲಿ ಉಳಿದರು.

ಓಡಾಟವನ್ನೆಲ್ಲ ತಾನು ನೋಡಿಕೊಳ್ಳುತ್ತೇನೆ ಎಂದವನು ಮೈದುನ ನಿರಂಜನ. ಅವನು ದುಬೈಯಲ್ಲಿದ್ದ. ಅವನ ಆಫೀಸಿನ ಪಕ್ಕದ ಕಟ್ಟಡದಲ್ಲೇ, ಜುಮೇರಾ ಲೇಕ್ ಟವರ್ಸ್‌ನಲ್ಲಿ, ಶಾಮಸುಂದರ ಎಂಬ ಬೆಂಗಳೂರಿನವರು ಕುಟುಂಬಗಳಿಗೆ ಆಸ್ತಿ ಮತ್ತು ತೆರಿಗೆಯ ಸಲಹೆ ಕೊಡುವ ಕಚೇರಿ ಇಟ್ಟುಕೊಂಡಿದ್ದರು. ಕನ್ನಡ ಬಳಗದ ಕಾರ್ಯಕ್ರಮಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಮಾನ್ಯಳಿಗೂ ಅವರ ಪರಿಚಯವಿತ್ತು. ಎರಡು ವರ್ಷದ ಹಿಂದೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಾಗ ರಘುನಂದನ ಅವರನ್ನು ವಿಲ್ ಬಗ್ಗೆ ಕೇಳಿದ್ದ. ಅವರು ನಕ್ಕು, ಇಲ್ಲಿ ತೆರಿಗೆಯೇ ಇಲ್ಲ, ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ ಇಂಡಿಯಾದಲ್ಲೂ ಎಂಬತ್ತೈದರಲ್ಲೇ ಹೋಯಿತು, ವಿಲ್ ಎಲ್ಲ ಇಂಗ್ಲೆಂಡಿನವರ ತಲೆನೋವು, ನಿಮಗ್ಯಾಕೆ ಎಂದಿದ್ದರು. ರಘುನಂದನ ನಿಶ್ಚಿಂತನಾಗಿ ಪಾಯಸ ಹಾಕಿಸಿಕೊಂಡಿದ್ದ. ತೆರಿಗೆಯ ವಿಷಯದಲ್ಲಿ ಅವರು ಹೇಳಿದ್ದು ನಿಜವೇ. ಆದರೆ ಅವನು ಕೇಳಿದ್ದು ತೆರಿಗೆಯನ್ನಲ್ಲ.

ಒಂದು ಶನಿವಾರ ನಿರಂಜನ ಅತ್ತಿಗೆಯನ್ನೂ ತಾಯಿಯನ್ನೂ ಆ ಕಚೇರಿಗೆ ಕರೆದೊಯ್ದ. ಗಾಜಿನ ಗೋಡೆಯಾಚೆ ಅರ್ಧಕ್ಕೆ ನಿಂತ ಕಟ್ಟಡಗಳು, ಅಲುಗಾಡದ ಕ್ರೇನುಗಳು. ಶಾಮಸುಂದರ ಸಂತಾಪ ಹೇಳಿ ಕಾಫಿ ತರಿಸಿ ನೇರವಾಗಿ ವಿಷಯಕ್ಕೆ ಬಂದರು. ವಿಲ್ ಇಲ್ಲದೆ ತೀರಿಕೊಂಡಿದ್ದರಿಂದ ಎಲ್ಲವೂ ಇಲ್ಲಿನ ಷರಿಯಾ ಕಾನೂನಿನಂತೆಯೇ ಹಂಚಿಕೆಯಾಗುತ್ತದೆ, ಬೇರೆ ದಾರಿಯೇ ಇಲ್ಲ ಎಂದರು. ಮಗುವಿನ ಗಾರ್ಡಿಯನ್ ತಾಯಿಯಲ್ಲ, ತಂದೆಯ ತಂದೆ. ಚಾಮರಾಜರು ಬರುವ ಸ್ಥಿತಿಯಲ್ಲಿಲ್ಲವಾದ್ದರಿಂದ ಅವರು ನಿರಂಜನನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಸಾಕು. ಅಂಬುಜಮ್ಮನವರದೂ ಒಂದು ಸಹಿ ಬೇಕು, ಬರೀ ಫಾರ್ಮಾಲಿಟಿ.

ಹಾಗಾದರೆ ಹಿತಾ ತನ್ನ ಬಳಿ ಇರುವುದಿಲ್ಲವೇ ಎಂದು ಮಾನ್ಯ ಕೇಳಿದಳು. ಇರುತ್ತಾಳೆ, ಸಾಕುವುದು ತಾಯಿಯೇ ಎಂದರು ಅವರು. ಆದರೆ ಶಾಲೆ ಬದಲಿಸಲು, ದೇಶದಿಂದ ಹೊರಗೆ ಕರೆದೊಯ್ಯಲು, ಅವಳ ಹೆಸರಿಗೆ ಬರುವ ಹಣ ಮುಟ್ಟಲು ಗಾರ್ಡಿಯನ್ ಒಪ್ಪಿಗೆ ಬೇಕು. ಅಂದರೆ ನಿರಂಜನನ ಒಪ್ಪಿಗೆ.

“ನಾನು ಹೆತ್ತ ಮಗಳನ್ನ ಊರಿಗೆ ಕರ್ಕೊಂಡು ಹೋಗೋಕೆ ನಾನು ನಿರಂಜನನ್ನ ಕೇಳಬೇಕಾ?” ಎಂದಳು ಮಾನ್ಯ.

“ಮೇಡಂ, ಇದು ಮೈಸೂರಲ್ಲ,” ಎಂದರು ಶಾಮಸುಂದರ, ಕಾಗದಗಳನ್ನು ಅವಳ ಕಡೆಗಲ್ಲ, ಅಂಬುಜಮ್ಮನ ಕಡೆಗೆ ಸರಿಸುತ್ತ.

ಅಂಬುಜಮ್ಮ ಕನ್ನಡಕ ತಂದಿಲ್ಲ ಎಂದರು. ಕನ್ನಡಕ ಅವರ ಚೀಲದಲ್ಲೇ ಇದ್ದದ್ದು ಮಾನ್ಯಳಿಗೆ ಗೊತ್ತಿತ್ತು. ಕಾಗದಗಳು ಸಹಿಯಿಲ್ಲದೆ ಮೇಜಿನ ಮೇಲೇ ಉಳಿದವು. ಅಬುಧಾಬಿಗೆ ವಾಪಸು ಬರುವ ದಾರಿಯುದ್ದಕ್ಕೂ ನಿರಂಜನ ಮಾತ್ರ ಮಾತಾಡಿದ. ಎಲ್ಲ ಹಿತಾಳ ಒಳ್ಳೆಯದಕ್ಕೇ, ಅಪ್ಪನೂ ಫೋನಿನಲ್ಲಿ ಒಪ್ಪಿದ್ದಾರೆ ಎಂದ.

ಆ ವಾರ ಲ್ಯಾಬಿನಲ್ಲಿ ಮಾನ್ಯ ರಕ್ತದ ಮಾದರಿಗಳಿಗೆ ಚೀಟಿ ಅಂಟಿಸುತ್ತ ಎರಡು ಸಲ ತಪ್ಪಿದಳು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕುಂದಾಪುರದ ಒಲಿಂಡಾ ಅವಳನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿಸಿಕೊಂಡಳು. “ಒಬ್ಬರು ಹೇಳಿದ್ದೇ ವೇದವಾ ಮಾರಾಯ್ತಿ? ಇನ್ನೊಬ್ಬ ಲಾಯರನ್ನ ಕೇಳಿ ನೋಡು,” ಎಂದು ಶುಕೂರ್ ಎಂಬವರ ವಿಳಾಸ ಕೊಟ್ಟಳು. ಅವರು ಮಂಜೇಶ್ವರದ ಕಡೆಯವರು, ಎಲ್‌ಎಲ್‌ಬಿ ಮಾಡಿ ಅಬುಧಾಬಿಯ ಅರಬ್ ವಕೀಲರೊಬ್ಬರ ಕಚೇರಿಯಲ್ಲಿ ಸಲಹೆಗಾರರಾಗಿದ್ದರು. ಕನ್ನಡ ಚೆನ್ನಾಗಿ ಬರುತ್ತಿತ್ತು.

ಶುಕೂರ್ ಎಲ್ಲವನ್ನೂ ಕೇಳಿದ ಮೇಲೆ ಒಂದು ಪ್ರಶ್ನೆ ಹಾಕಿದರು. “ನಿಮಗೆ ಯಾವ ದೇಶದ ಕಾನೂನು ಬೇಕು ಅಂತ ಯಾರೂ ಕೇಳ್ಲಿಲ್ವಾ?”

ಯಾರೂ ಕೇಳಿರಲಿಲ್ಲ. ೨೦೦೫ರಲ್ಲಿ ಬಂದ ಇಲ್ಲಿನದೇ ಕಾಯಿದೆಯಲ್ಲಿ ಪರದೇಶದವರು ತಮ್ಮ ದೇಶದ ಕಾನೂನನ್ನು ಅನ್ವಯಿಸಿ ಎಂದು ಕೇಳಿಕೊಳ್ಳಲು ಅವಕಾಶವಿದೆ ಎಂದು ಅವರು ವಿವರಿಸಿದರು. ಕೇಳಿಕೊಳ್ಳಬೇಕು, ತಾನಾಗಿ ಸಿಗುವುದಿಲ್ಲ. ಇಂಡಿಯಾದ ಕಾಯಿದೆಯನ್ನೂ ವಾರಸುದಾರರ ಪ್ರಮಾಣಪತ್ರವನ್ನೂ ಅರಬ್ಬಿಗೆ ಅನುವಾದಿಸಿ ಮೊಹರು ಹಾಕಿಸಬೇಕು. ತಡವಾಗಬಹುದು, ನ್ಯಾಯಾಧೀಶರು ಇನ್ನಷ್ಟು ಕಾಗದ ಕೇಳಬಹುದು, ಆದರೆ ದಾರಿಯಿದೆ. ಹಾಗೆ ಆದರೆ ರಘುನಂದನನ ಆಸ್ತಿಗೆ ಮೊದಲ ಹಕ್ಕುದಾರರು ಮೂವರು: ಹೆಂಡತಿ, ಮಗಳು, ತಾಯಿ. ಮೂವರಿಗೂ ಸಮಪಾಲು. ತಂದೆ ಆ ಸಾಲಿನಲ್ಲಿ ಬರುವುದಿಲ್ಲ. ತಂದೆ ಹೋದ ಮೇಲೆ ಮಗುವಿಗೆ ಗಾರ್ಡಿಯನ್ ತಾಯಿಯೇ.

“ಇದು ಶಾಮಸುಂದರ ಅವರಿಗೆ ಗೊತ್ತಿರಲಿಕ್ಕಿಲ್ಲ ಅಂತೀರಾ?” ಎಂದು ಮಾನ್ಯ ಕೇಳಿದಳು. ಶುಕೂರ್ ಪೆನ್ನಿನ ಮುಚ್ಚಳ ಹಾಕಿ, ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ವಿಷಯ ಎಂದಷ್ಟೇ ಹೇಳಿದರು.

ಮನೆಗೆ ಬಂದು ಮಾನ್ಯ ಅತ್ತೆಗೆ ಇದನ್ನೆಲ್ಲ ಹೇಳಿದಳು. ಅಂಬುಜಮ್ಮ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ, “ನನಗೂ ಪಾಲಿದೆಯಾ?” ಎಂದರು. ಮಾನ್ಯಳಿಗೆ ಆ ಪ್ರಶ್ನೆ ಚುಚ್ಚಿತು. ಮಗ ಹೋದ ದುಃಖದಲ್ಲೂ ಪಾಲಿನ ಮಾತೇ ಎನ್ನಿಸಿತು. ಇದೆ ಎಂದಳು.

“ನಾನು ಅಲ್ಲಿ ಸಹಿ ಹಾಕಿದ್ದಿದ್ದರೆ?”

“ಅವರು ಹೇಳಿದ ಹಾಗೇ ನಡೀತಿತ್ತು ಅತ್ತೆ. ನೀವು ಒಪ್ಪಿದ್ದೀರಿ ಅಂತ ಆಗ್ತಿತ್ತು.”

ಅಂಬುಜಮ್ಮ ನಿರಂಜನನಿಗೆ ತಾವೇ ಫೋನ್ ಮಾಡಿ ಶುಕ್ರವಾರ ಬರಲು ಹೇಳಿದರು. ಅವನು ಬಂದಾಗ ಊಟ ಬಡಿಸಿದರು, ಅವನು ಕೈ ತೊಳೆದು ಬರುವವರೆಗೆ ಕಾದರು. ಬೇರೆ ಕಾನೂನು ಕೇಳಬಹುದು ಎಂದು ನಿನಗೆ ಗೊತ್ತಿತ್ತೇ ಎಂದು ಆಮೇಲೆ ಕೇಳಿದರು. ಅವನು ಮೊದಲು ಸುತ್ತಿ ಬಳಸಿ ಮಾತಾಡಿದ. ಕೊನೆಗೆ ಶಾಮಸುಂದರ ಎರಡು ದಾರಿಯನ್ನೂ ಹೇಳಿದ್ದರು, ಅಪ್ಪ ಗಾರ್ಡಿಯನ್ ಆದರೆ ಎಲ್ಲ ಒಂದೇ ಕೈಯಲ್ಲಿ ಇರುತ್ತದೆ, ಕೆಲಸ ಬೇಗ ಆಗುತ್ತದೆ ಎಂದಿದ್ದರು ಎಂದು ಒಪ್ಪಿಕೊಂಡ. ಅವನು ದುಬೈಯಲ್ಲಿ ಇನ್ನೂ ಮೇಲೇಳದ ಕಟ್ಟಡದಲ್ಲಿ ಫ್ಲ್ಯಾಟ್ ಕಾಯ್ದಿರಿಸಿದ್ದ. ಬೆಲೆ ಕುಸಿದಿತ್ತು, ಕಂತು ಕಟ್ಟದಿದ್ದರೆ ಕಟ್ಟಿದ್ದೂ ಹೋಗುತ್ತಿತ್ತು. ಅಣ್ಣನ ಹಣವನ್ನು ಸ್ವಲ್ಪ ಕಾಲ ತಿರುಗಿಸಿಕೊಂಡು ಹಿತಾ ದೊಡ್ಡವಳಾಗುವ ಹೊತ್ತಿಗೆ ಎರಡರಷ್ಟು ಮಾಡಿ ಕೊಡುತ್ತಿದ್ದೆ ಎಂದ.

“ಅಮ್ಮ, ನಿನಗೆ ಈ ವ್ಯವಹಾರ ಎಲ್ಲ ಅರ್ಥ ಆಗಲ್ಲ,” ಎಂದೂ ಸೇರಿಸಿದ.

ಅಂಬುಜಮ್ಮನ ಧ್ವನಿ ಏರಲಿಲ್ಲ. “ಅರ್ಥ ಆಗಲ್ಲ ಅಂತಾನೇ ನಲವತ್ತೈದು ವರ್ಷ ನಿಮ್ಮಪ್ಪ ತೋರಿಸಿದ ಕಡೆ ಸಹಿ ಹಾಕಿದೀನಿ. ಏನು ಅಂತ ಒಂದು ದಿನ ಕೇಳಲಿಲ್ಲ. ನೀನು ನಿಮ್ಮಣ್ಣನ ಹೆಂಡತಿ ಬಾಯಿಂದ ಅನ್ನ ಕಿತ್ಕೊಳ್ಳೋಕೆ ನನ್ನ ಕೈನೇ ಬಳಸೋಕೆ ಹೊರಟಿದ್ಯಲ್ಲ, ಅದು ನನಗೆ ಚೆನ್ನಾಗಿ ಅರ್ಥ ಆಗುತ್ತೆ.”

ಬಾಗಿಲ ಬಳಿ ನಿಂತಿದ್ದ ಹಿತಾ, “ವೈ ಈಸ್ ಅಜ್ಜಿ ಆಂಗ್ರಿ?” ಎಂದು ಅಮ್ಮನನ್ನು ಕೇಳಿದಳು. ಮಾನ್ಯ ಅವಳನ್ನು ಒಳಗೆ ಕರೆದೊಯ್ದಳು. ಹೊರಗೆ ಬಂದಾಗ ನಿರಂಜನ ಹೊರಟುಹೋಗಿದ್ದ.

ಚಾಮರಾಜರು ಅದಾದ ಮೇಲೆ ಹೆಂಡತಿಯ ಫೋನ್ ಎತ್ತಲಿಲ್ಲ. ಮಗನ ಆಸ್ತಿಯಲ್ಲಿ ತಾಯಿಗೆ ಪಾಲಿದ್ದು ತಂದೆಗೆ ಇಲ್ಲವೆಂದರೆ ಅದೆಂಥ ಕಾನೂನು ಎಂದು ಮಗಳ ಹತ್ತಿರ ಕೂಗಾಡಿದರಂತೆ. ಅಂಬುಜಮ್ಮ ಅದನ್ನು ಕೇಳಿ ತಮ್ಮ ವೀಸಾ ಮುಂದುವರಿಸಲು ಮಾನ್ಯಳಿಗೆ ಹೇಳಿದರು.

ಕಾಗದಗಳು ಮೈಸೂರು, ಬೆಂಗಳೂರು, ದೆಹಲಿ ಸುತ್ತಿ ಬರುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಆವರೆಗೆ ಮನೆ ನಡೆದದ್ದು ಒಲಿಂಡಾಳ ಸಹಾಯದಿಂದ, ಮಾನ್ಯಳ ಬಳೆಗಳಿಂದ. ಸಂಬಳಕ್ಕೆ ಬೇರೆ ಖಾತೆ ತೆರೆಯಲೂ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಹತ್ತು ಜನರ ಮುಂದೆ ನಿಲ್ಲಬೇಕಾಯಿತು. ಪ್ರತಿ ಮೇಜಿನಲ್ಲೂ ಅವಳ ಗಂಡನ ಕಡೆಯ ಗಂಡಸರು ಯಾರಾದರೂ ಬಂದಿದ್ದಾರೆಯೇ ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಅವಳ ಮೈ ಉರಿಯುತ್ತಿತ್ತು.

ಕೋರ್ಟಿನಲ್ಲಿ ನ್ಯಾಯಾಧೀಶರು ವಯಸ್ಸಾದವರು, ತಾಳ್ಮೆಯವರು. ಅವರು ಕಾಗದಗಳನ್ನು ನಿಧಾನವಾಗಿ ಓದಿ, ಮಗುವಿಗೆ ತಾಯಿಯೇ ಗಾರ್ಡಿಯನ್ ಆಗುವುದಕ್ಕೆ ಗಂಡನ ತಾಯಿಯ ತಕರಾರು ಇದೆಯೇ ಎಂದು ಅಂಬುಜಮ್ಮನನ್ನೇ ಕೇಳಿದರು. ಪ್ರಶ್ನೆ ಅರಬ್ಬಿಯಿಂದ ಹಿಂದಿಗೆ ಬಂತು, ಶುಕೂರ್ ಅದನ್ನು ಕನ್ನಡಕ್ಕೆ ತಂದರು.

ಅಂಬುಜಮ್ಮ ಎದ್ದು ನಿಂತರು. “ಮಗುವಿಗೆ ತಾಯಿ ಇದ್ದಾಳೆ. ದುಡೀತಾಳೆ, ಸಾಕ್ತಾಳೆ. ಅವಳು ಎದುರಿಗೇ ಇರೋವಾಗ ಮಗೂನ ಯಾರ ಕೈಗೆ ಕೊಡೋಣ ಅಂತ ಮಿಕ್ಕೋರೆಲ್ಲ ಕೂತು ಮಾತಾಡಿದ್ರಲ್ಲ, ಅದೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ. ನನ್ನ ತಕರಾರು ಅವಳ ಮೇಲಿಲ್ಲ, ಅವರ ಮೇಲಿದೆ. ಅದನ್ನೂ ಬರ್ಕೊಳ್ಳಿ.”

ಅನುವಾದಕ ಅದನ್ನು ಅರಬ್ಬಿಯಲ್ಲಿ ಒಂದೇ ಸಾಲಿಗೆ ಇಳಿಸಿದ. ಇಷ್ಟು ಹೇಳಿದ್ದಕ್ಕೆ ಅಷ್ಟೇನಾ ಎಂದು ಅಂಬುಜಮ್ಮ ಶುಕೂರರನ್ನು ಕೇಳಿದರು. ನ್ಯಾಯಾಧೀಶರಿಗೆ ಬೇಕಾದದ್ದು ಅಷ್ಟೇ ಅಮ್ಮಾ ಎಂದರು ಶುಕೂರ್. ಕೆಲವು ವಾರಗಳಲ್ಲಿ ಆದೇಶ ಬಂತು. ಇಂಡಿಯಾದ ಕಾನೂನಿನಂತೆ ಮೂವರಿಗೆ ಸಮಪಾಲು, ಹಿತಾಳ ಗಾರ್ಡಿಯನ್ ಮಾನ್ಯ.

ಆ ವರ್ಷ ಬೇಸಿಗೆ ರಜೆಗೆ ಮುಂಚೆ ಕನ್ನಡ ಬಳಗದವರು ದುಬೈಯ ಶಾಲೆಯೊಂದರ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟಿದ್ದರು. ಹಿತಾಳ ನೃತ್ಯವಿತ್ತು. ನೃತ್ಯಕ್ಕೆ ಮೊದಲು ಶಾಮಸುಂದರರ ಉಪನ್ಯಾಸ: ಗಲ್ಫಿನಲ್ಲಿರುವ ಕುಟುಂಬಗಳಿಗೆ ವಿಲ್ ಏಕೆ ಬೇಕು. ಈಗ ಅವರು ವಿಲ್ ಬರೆಸಿಕೊಡಲು ಶುರುಮಾಡಿದ್ದರು, ಬಾಗಿಲಲ್ಲಿ ಅವರ ಕಚೇರಿಯ ಹುಡುಗಿ ದರಪಟ್ಟಿ ಹಂಚುತ್ತಿದ್ದಳು. ಮಾತಿನ ನಡುವೆ ಅವರು ಅಬುಧಾಬಿಯ ಒಂದು ಕುಟುಂಬದ ಕಥೆ ಹೇಳಿದರು. ಯಜಮಾನರು ವಿಲ್ ಇಲ್ಲದೆ ತೀರಿಕೊಂಡರು, ಖಾತೆ ತಡೆಹಿಡಿದರು, ಹೆಂಡತಿಗೆ ಮಗುವಿನ ಮೇಲೆ ಹಕ್ಕಿಲ್ಲದಂತಾಯಿತು. ತಮ್ಮ ಸಂಸ್ಥೆ ಮುಂದೆ ನಿಂತು ಮಾರ್ಗದರ್ಶನ ಮಾಡಿದ್ದರಿಂದ ಎಲ್ಲ ಸುಖಾಂತ್ಯವಾಯಿತು ಎಂದರು.

ಮಾನ್ಯ ಯಾವಾಗ ಎದ್ದು ನಿಂತಳೋ ಅವಳಿಗೇ ತಿಳಿಯಲಿಲ್ಲ.

“ಆ ಕುಟುಂಬ ನಮ್ಮದು,” ಎಂದಳು. “ವಿಲ್ ಬೇಡ ಅಂತ ನನ್ನ ಗಂಡನಿಗೆ ಹೇಳಿದ್ದು ಇವರೇ. ನಮಗೆ ಬೇರೆ ದಾರಿ ಇಲ್ಲ ಅಂತ ಸುಳ್ಳು ಹೇಳಿ, ನನ್ನ ಅತ್ತೆ ಮುಂದೆ ಕಾಗದ ಇಟ್ಟಿದ್ದೂ ಇವರೇ. ದಾರಿ ತೋರಿಸಿದವರು ಬೇರೆ.”

ಶಾಮಸುಂದರ ಏನೋ ತಪ್ಪು ತಿಳುವಳಿಕೆ ಎಂದರು. ಬಳಗದ ಅಧ್ಯಕ್ಷರು ಬಗ್ಗಿ ಬಂದು, ಆಮೇಲೆ ಮಾತಾಡೋಣಮ್ಮ, ಮಕ್ಕಳು ಕಾಯ್ತಿದಾರೆ, ಅವರೂ ನಮ್ಮವರೇ ಅಲ್ಲವಾ ಎಂದು ಪಿಸುಗುಟ್ಟಿದರು. ಮಾನ್ಯ ಕೂರಲಿಲ್ಲ. ಪಕ್ಕದಲ್ಲಿ ಅಂಬುಜಮ್ಮನೂ ಎದ್ದರು. ಶಾಮಸುಂದರ ಉಪನ್ಯಾಸವನ್ನು ಅಲ್ಲಿಗೇ ಮುಗಿಸಿದರು. ಊಟದ ಹೊತ್ತಿಗೆ ನಾಲ್ಕೈದು ಹೆಂಗಸರು ಮಾನ್ಯಳ ಸುತ್ತ ನಿಂತು ಆ ವಕೀಲರ ನಂಬರ್ ಕೇಳಿದರು. ಅವರಲ್ಲಿ ಇಬ್ಬರ ಗಂಡಂದಿರು ದೂರದಿಂದ ಮುಖ ಗಂಟಿಕ್ಕಿ ನೋಡುತ್ತಿದ್ದರು.

ಅಂಬುಜಮ್ಮ ಮೈಸೂರಿಗೆ ಹೊರಡುವ ಮುನ್ನ ನಿರಂಜನ ಒಮ್ಮೆ ಬಂದು ತನ್ನಿಂದ ತಪ್ಪಾಯಿತೆಂದ. ಫ್ಲ್ಯಾಟ್ ಕೈಬಿಟ್ಟುಹೋಗಿತ್ತು. ತಾಯಿಯ ಪಾಲಿನಿಂದ ಸ್ವಲ್ಪ ಕೊಟ್ಟರೆ ಸಾಲ ತೀರಿಸುತ್ತೇನೆ ಎಂದು ಕೇಳಿದ. ಅಂಬುಜಮ್ಮ ಕೊಡಲಿಲ್ಲ. ಮಾನ್ಯ ಬಾಯಿಬಿಟ್ಟು ಕೇಳದಿದ್ದರೂ ಅವರು ತಮ್ಮ ಪಾಲನ್ನು ಹಿತಾಳಿಗೆ ಬಿಟ್ಟುಕೊಡಬಹುದು ಎಂದುಕೊಂಡಿದ್ದಳು. ಅದೂ ಆಗಲಿಲ್ಲ.

“ಅದು ನನ್ನ ಹೆಸರಲ್ಲೇ ಇರ್ಲಿ ಮಾನ್ಯ,” ಎಂದರು ಅವರು, ಸೀರೆ ಮಡಿಸಿ ಪೆಟ್ಟಿಗೆಗೆ ಇಡುತ್ತ. “ಬೇಜಾರು ಮಾಡ್ಕೋಬೇಡ. ಮಾಡ್ಕೊಂಡ್ರೂ ಪರವಾಗಿಲ್ಲ.”

ಮಾನ್ಯಳಿಗೆ ಬೇಜಾರಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಆದರೆ ಮೈಸೂರಿಗೆ ಹೋದ ತಿಂಗಳಲ್ಲೇ ಅಂಬುಜಮ್ಮ ಒಬ್ಬರೇ ಆಟೋ ಹಿಡಿದು ಬ್ಯಾಂಕಿಗೆ ಹೋಗಿ ತಮ್ಮ ಒಬ್ಬರ ಹೆಸರಿನಲ್ಲೇ ಖಾತೆ ತೆರೆದರೆಂದೂ, ಮ್ಯಾನೇಜರು ಯಜಮಾನರು ಬಂದಿಲ್ಲವೇ ಎಂದು ಕೇಳಿದ್ದಕ್ಕೆ ಅವನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರೆಂದೂ ನಾದಿನಿ ಫೋನಿನಲ್ಲಿ ಹೇಳಿದಾಗ, ರಘುನಂದನ ಹೋದ ಮೇಲೆ ಮೊದಲ ಸಲ ಮಾನ್ಯ ಜೋರಾಗಿ ನಕ್ಕಳು.