ಬಲಗಡೆಯ ಅಂಕಿಗಳು

ಬಿಳಿ ರಕ್ತಕಣಗಳ ಸಾಲು ಮುಗಿಸಿ ಸಕ್ಕರೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಬಲಗೈ ಮತ್ತೆ ಬರಿಯ ಮೇಜನ್ನು ಕುಟ್ಟಿತು. ಅಂಕಿಗಳ ಕೀಗಳಿರಬೇಕಾದ ಕಡೆ ಗಂಡ ಹರಡಿಟ್ಟ ದಿನಪತ್ರಿಕೆಯ ಅಂಚಿತ್ತು.

ಲ್ಯಾಬಿನ ಡಾಕ್ಟರು ಕಳಿಸುವ ಕೈಬರಹದ ಚೀಟಿಗಳನ್ನು ಊಟದ ಮೇಜಿನ ಮೂಲೆಯಲ್ಲಿ ಕೂತು ವರದಿಗಳಾಗಿ ಟೈಪ್ ಮಾಡುವುದು ಅವಳ ಕೆಲಸ. ಹಳೆಯ ಉದ್ದನೆಯ ಕೀಬೋರ್ಡ್ ಕೈಕೊಟ್ಟಿತ್ತು. ಹೊಸದು ಕೊಳ್ಳುವ ಮೊದಲು ನೋಡಲೆಂದು ಮಗಳು ತನ್ನದನ್ನು ಕೊಟ್ಟಿದ್ದಳು: ಬಲಗಡೆ ಅಂಕಿಗಳ ಗುಂಪೇ ಇಲ್ಲದ ಪುಟ್ಟ ಮೆಕ್ಯಾನಿಕಲ್ ಕೀಬೋರ್ಡ್. ಒತ್ತಿದರೆ ಬೆರಳಿಗೆ ಹಿತವಾಗಿತ್ತು, ಅದೇನೋ ನಿಜ.

"ಅಮ್ಮಾ, ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟಬೇಡ. ಮೇಲಿನ ಸಾಲಲ್ಲೇ ನಂಬರ್ ಇದೆಯಲ್ಲ!"

"ಇದೆ ಕಣೇ. ಕಣ್ಣಿಗೆ ಕಾಣ್ತಿದೆ, ಕೈಗೆ ಗೊತ್ತಾಗ್ತಿಲ್ಲ. ಬಾಣದ ಕೀ ಎಲ್ಲೇ?"

"ಈ ಕೀ ಒತ್ತಿ ಹಿಡ್ಕೊಂಡು ಆ ಕೀ ಒತ್ತಬೇಕು."

"ಅಳಿಸೋದಕ್ಕೆ?"

"ಅದಕ್ಕೂ ಹಾಗೇ."

"ಹಾಗಾದ್ರೆ ಕೀಬೋರ್ಡ್ ಜೊತೆ ಇನ್ನೊಂದು ಜೊತೆ ಕೈನೂ ಕೊಡ್ತಾರಾ ಕೇಳು."

ಗಂಡ ಪತ್ರಿಕೆಯಿಂದ ತಲೆಯೆತ್ತಿದ. "ಚಿಕ್ಕದೇ ತಗೊಳ್ಳೇ. ಆ ಉದ್ದದ್ದು ಬಂದ್ರೆ ನಾನು ಪೇಪರ್ ಎಲ್ಲಿ ಹರಡ್ಲಿ?"

"ಮಡಚಿ ಓದಬಹುದಲ್ಲ ರೀ."

"ಮಡಚಿ ಓದೋಕೆ ಇದೇನು ಬಸ್ಸಾ?"

ಅತ್ತೆ ಒಳಗಿನಿಂದಲೇ ಪರಿಹಾರ ಸೂಚಿಸಿದರು. "ಅಡಿಗೆಮನೆ ಕಟ್ಟೆ ಮೇಲೆ ಇಟ್ಕೊಳ್ಳಮ್ಮ. ಹಾಲು ಉಕ್ಕೋದನ್ನೂ ನೋಡ್ಕೋಬಹುದು."

ಅವಳು ತುಟಿ ಕಚ್ಚಿಕೊಂಡು ಟೈಪ್ ಮಾಡಿದಳು. ಊಟದ ಹೊತ್ತಾಯಿತೆಂದು ಗಂಡ ಗಂಟಲು ಸರಿಮಾಡಿಕೊಂಡ. ದಿನದಂತೆ ವೈರುಗಳನ್ನು ಬಿಚ್ಚಿ, ಕಂಪ್ಯೂಟರು, ಕೀಬೋರ್ಡು, ಚೀಟಿಗಳ ಕಟ್ಟು ಎಲ್ಲವನ್ನೂ ಫ್ರಿಜ್ಜಿನ ಮೇಲೆ ಎತ್ತಿಡಬೇಕು. ಅವಸರದಲ್ಲಿ ಕೊನೆಯ ವರದಿಯನ್ನು ಕಳಿಸಿಯೇಬಿಟ್ಟಳು.

ತಟ್ಟೆಯೆದುರು ಕೂತಿದ್ದಾಗ ಡಾಕ್ಟರ ಫೋನು ಬಂತು.

"ಏನಮ್ಮಾ, ಮೇಷ್ಟ್ರ ಪೊಟ್ಯಾಸಿಯಂ ನಲವತ್ತೊಂದು ಅಂತ ಹಾಕಿದೀರಿ? ಅಷ್ಟಿದ್ರೆ ಮನುಷ್ಯ ಉಳಿಯಲ್ಲ. ಇವರು ನನ್ನೆದುರು ಕೂತು ಬಿಸ್ಕತ್ತು ತಿಂತಿದಾರೆ."

ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. "ನಾಲ್ಕು ಪಾಯಿಂಟ್ ಒಂದು, ಡಾಕ್ಟ್ರೇ. ಚುಕ್ಕಿ ಬಿಟ್ಟುಹೋಗಿದೆ."

"ನನಗೆ ಗೊತ್ತಾಯ್ತು. ಅವರ ಹೆಂಡತಿಗೆ ಯಾರೋ ವರದಿ ಓದಿ ಅರ್ಥ ಹೇಳಿದಾರೆ, ಹೊರಗೆ ಅಳ್ತಿದಾರೆ." ಡಾಕ್ಟರು ದನಿ ಏರಿಸಲಿಲ್ಲ, ಏರಿಸಿದ್ದರೆ ಒಳ್ಳೆಯದಿತ್ತು. "ಇಷ್ಟು ವರ್ಷ ನಿಮ್ಮ ವರದಿಗೆ ಕಣ್ಣುಮುಚ್ಚಿ ಸೈನ್ ಹಾಕಿದೀನಿ. ಇನ್ನೊಂದ್ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ."

ಹಳೆಯ ಕೀಬೋರ್ಡಿನಲ್ಲಿ ಹೆಬ್ಬೆರಳು ಸೊನ್ನೆಯ ಮೇಲೆ, ಉಂಗುರದ ಬೆರಳು ಚುಕ್ಕಿಯ ಮೇಲೆ ತಾವಾಗಿಯೇ ಕೂರುತ್ತಿದ್ದವು. ಮನಸ್ಸು ಸಾರಿನ ಉಪ್ಪಿನ ಮೇಲಿದ್ದರೂ ಚುಕ್ಕಿ ತಪ್ಪುತ್ತಿರಲಿಲ್ಲ. ಇದನ್ನು ಯಾರಿಗೆ ಹೇಳುವುದು?

"ಒಂದು ಚುಕ್ಕಿಗೆ ಇಷ್ಟು ರಾದ್ಧಾಂತವಾ!" ಎಂದ ಗಂಡ. "ಸ್ವಲ್ಪ ನಿಧಾನ ಮಾಡು, ಅಷ್ಟೇ."

"ನಂಬರ್‌ಗಳದ್ದೇ ಪುಟ್ಟ ಪ್ಯಾಡ್ ಬೇರೆ ಸಿಗುತ್ತೆ ಅಮ್ಮಾ," ಎಂದಳು ಮಗಳು. "ಪಕ್ಕದಲ್ಲಿಟ್ಕೋ. ಬೇಡದಾಗ ಎತ್ತಿಟ್ರಾಯ್ತು."

"ನೋಡು, ಎಷ್ಟು ಸಲೀಸು!" ಅತ್ತೆ ಮೆಚ್ಚಿಕೊಂಡರು.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೂವರೂ ಅವಳ ಒಳಿತನ್ನೇ ಬಯಸುತ್ತಿದ್ದರು. ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ.

ಊಟವಾಗಿ ಎಲ್ಲರೂ ಅಡ್ಡಾದ ಮೇಲೆ ಮೊಬೈಲಿನಲ್ಲಿ ಉದ್ದನೆಯದನ್ನೇ ಆರಿಸಿ ಗುಂಡಿ ಒತ್ತಿದಳು.

"ಆರ್ಡರ್ ಮಾಡಿದ್ಯಾ? ಚಿಕ್ಕದೇ ತಾನೆ?" ಕೋಣೆಯಿಂದ ಗಂಡನ ನಿದ್ದೆಗಣ್ಣಿನ ದನಿ.

"ಬರುತ್ತೆ, ಮಲಗಿ."

ಮೇಜು ಒರೆಸಿದಳು. ಎಡತುದಿಯಿಂದ ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ಹಾಕುತ್ತ ಹೊರಟಳು. ತಾನು ಕೂರುವ ಮೂಲೆ ದಾಟಿತು. ಗಂಡ ಮತ್ತೆ ಹರಡಿದ್ದ ಪತ್ರಿಕೆ ಅಡ್ಡ ಬಂತು. ಮಡಚಿ ಕುರ್ಚಿಯ ಮೇಲಿಟ್ಟು ಮುಂದುವರಿದಳು. ನಡುಮಧ್ಯದಲ್ಲಿ ಕೈ ನಿಂತಿತು. ಫ್ರಿಜ್ಜಿನ ಮೇಲಿಂದ ಕಂಪ್ಯೂಟರನ್ನು ಇಳಿಸಿ ಅಲ್ಲಿಟ್ಟಳು.

ಆಮೇಲೆ ಮೇಜಿನ ಕೆಳಗೆ ಮಂಡಿಯೂರಿ ಕೂತು, ದಿನವೂ ಬಿಚ್ಚಿಡುತ್ತಿದ್ದ ವೈರನ್ನು ಮೇಜಿನ ಕಾಲಿಗೆ ದಾರದಿಂದ ಬಿಗಿಯತೊಡಗಿದಳು. ಒಂದು ಗಂಟು ಹಾಕಿದಳು, ಅದರ ಮೇಲೆ ಇನ್ನೊಂದು. ಉಳಿದ ತುದಿಯನ್ನು ಹಲ್ಲಿನಿಂದ ಕಡಿದಳು.